ಅವ್ವನ ಬಲಗಾಲಿನ ಎರಡನೇ ಬೆರಳು

ನಾನು ಪಂಪಿನ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವವಳು. ಮನೆ ಗಡಿಯಾಚೆ, ವಿಶ್ರಾಮಬಾಗದಲ್ಲಿ. ಹಗಲೆಲ್ಲ ಆಫೀಸಿನ ಮರಾಠಿ, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಕನ್ನಡ. ನನ್ನ ಕೆಲಸ ಎಂಥದ್ದೆಂದು ಅವ್ವನಿಗೆ ಗೊತ್ತೇ ಇಲ್ಲ ಎಂದುಕೊಂಡಿದ್ದೆ. ಸಕ್ಕರೆ ಕಾಯಿಲೆಯಿಂದ ಮಿರಜಿನ ಆಸ್ಪತ್ರೆಯಲ್ಲಿ ಅವಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು, ಕೃತಕ ಕಾಲು ಹಾಕಿ ಆರು ತಿಂಗಳಾಗಿತ್ತು. ಒಂದು ಭಾನುವಾರ ಅಕ್ಕಿ ಆರಿಸುತ್ತ ಹೇಳಿದಳು.

"ದಿನಾ ಅದರ ಮುಂದ ಕುಂತು ಏನೇನೋ ಮಾಡ್ತೀಯಲ್ಲ, ನನಗೊಂದು ಪಾದ ಮಾಡಿಕೊಡು. ಬೆರಳು ಬಿಡಿಬಿಡಿ ಇರಬೇಕು. ಜೋಡವಿ ಹಾಕೂದೈತಿ."

ಜೋಡವಿ ಎಂದರೆ ಮುತ್ತೈದೆಯರು ಕಾಲ್ಬೆರಳಿಗೆ ಹಾಕುವ ಬೆಳ್ಳಿಯುಂಗುರ. ಅವಳಿಗೆ ಕೊಟ್ಟಿದ್ದ ಪಾದ ನಡೆಯಲು ಗಟ್ಟಿಮುಟ್ಟಾಗಿತ್ತು, ಆದರೆ ಬೆರಳುಗಳ ಜಾಗದಲ್ಲಿ ಬರೀ ಗೆರೆ. ನಮ್ಮ ಜೈನ ಬಸ್ತಿಗೆ ಹೋದರೆ ಎಲ್ಲರೂ ಬರಿಗಾಲು, ಎಲ್ಲರ ಕಣ್ಣೂ ಕೆಳಗೆ. ಅವಳು ಬಸ್ತಿಗೆ ಹೋಗುವುದನ್ನೇ ಬಿಟ್ಟಿದ್ದಳು. ಸಮಡೋಳಿಯ ನೆಂಟರು ಬಂದರೆ ಸೀರೆಯ ಅಂಚನ್ನು ಎಳೆದೆಳೆದು ಮುಚ್ಚಿಕೊಳ್ಳುತ್ತಿದ್ದಳು. ಗಂಡ ಎದುರಿಗೇ ಕೂತಿರುವಾಗ ಒಂದು ಕಾಲು ಬೋಳು ಅನ್ನುವುದು ಅವಳ ಸಂಕಟ. ಯಾವ ಕಾಲದ ಮಾತಿದು ಎಂದು ನಾನು ರೇಗಿದೆ. ಯಾವತ್ತೂ ಮಾತಿಗೆ ಮಾತು ಕೊಡುವ ಅವ್ವ ಅಂದು ತಲೆ ತಗ್ಗಿಸಿ ಮತ್ತೆ ಅಕ್ಕಿ ಆರಿಸತೊಡಗಿದಳು. ನನಗೆ ತಡೆಯಲಾಗಲಿಲ್ಲ, ಒಪ್ಪಿಕೊಂಡೆ.

ಮಿರಜಿನಲ್ಲಿ ಅವಳ ಕಾಲು ಕೂರಿಸಿದವರನ್ನು ಕೇಳಿದೆ. ಅಚ್ಚು ಮಾಡಿ ತಂದುಕೊಟ್ಟರೆ ಮೆತ್ತನೆಯ ರಬ್ಬರಿನಲ್ಲಿ ಪಾದದ ಕವಚ ಎರಕ ಹೊಯ್ದು, ಇರುವ ಪಾದದ ಮೇಲೆ ತೊಡಿಸುತ್ತೇವೆ ಎಂದರು. ಆಫೀಸಿನಿಂದ ಸ್ಕ್ಯಾನರ್ ಕೇಳಿ ತಂದು ಅವಳ ಎಡಗಾಲನ್ನು ಸ್ಕ್ಯಾನ್ ಮಾಡಿದೆ. ಕನ್ನಡಿಯಲ್ಲಿ ಕಾಣುವಂತೆ ತಿರುವಿದರೆ ಬಲಗಾಲಾಯಿತಲ್ಲ, ಅಷ್ಟೇ ತಾನೆ ಎಂಬ ಜಂಬ ನನಗೆ.

ಸ್ಕ್ಯಾನಿನ ಮೇಲೆ ಹೊದಿಸುವುದು ಬರೀ ಸರ್ಫೇಸು. ನೋಡಲು ಪಾದವೇ, ಆದರೆ ಈರುಳ್ಳಿ ಸಿಪ್ಪೆಯಷ್ಟೂ ದಪ್ಪವಿಲ್ಲದ ತೊಗಲು. ತುಂಡು ತುಂಡು ತೊಗಲುಗಳ ಅಂಚನ್ನೆಲ್ಲ ಒಂದಕ್ಕೊಂದು ಕೂಡಿಸಿ, ಎಲ್ಲೂ ಕಿಂಡಿ ಇಲ್ಲದಂತೆ ಮುಚ್ಚಿದರೆ ಮಾತ್ರ ಒಳಗೆ ತುಂಬಿಕೊಂಡು ಅದು ಸಾಲಿಡ್ ಆಗುತ್ತದೆ. ಸಾಸಿವೆ ತೂರುವಷ್ಟು ಸಂದಿ ಉಳಿದರೂ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಅದಕ್ಕೂ ನನ್ನಷ್ಟೇ ಹಟ. ಬೆರಳುಗಳ ಸಂದಿಯೊಳಗೆ ಸ್ಕ್ಯಾನರಿನ ಬೆಳಕು ಹೊಕ್ಕಿರಲಿಲ್ಲ, ಅಲ್ಲೆಲ್ಲ ತೂತು. ಬೇಸತ್ತು ಸಂದಿಗಳನ್ನು ಒಟ್ಟಿಗೇ ಮುಚ್ಚಿಬಿಟ್ಟೆ. ಒಂದೇ ಮಧ್ಯಾಹ್ನದಲ್ಲಿ ಸಾಲಿಡ್ ಆಯಿತು. ಆಫೀಸಿನ ಯಂತ್ರದಲ್ಲಿ ಅದರ ಪ್ಲಾಸ್ಟಿಕ್ಕಿನ ಮಾದರಿ ತೆಗೆದು ಅವ್ವನ ಕೈಗಿಟ್ಟೆ. ಅವಳು ಡಬ್ಬಿಯಿಂದ ಜೋಡವಿ ತೆಗೆದು ಹಾಕಿ ನೋಡಿದಳು. ಬೆರಳು ಬೆರಳಿಗೆ ಅಂಟಿತ್ತು, ಉಂಗುರ ಒಳಗೆ ಹೋಗಲು ಜಾಗವಿರಲಿಲ್ಲ. ಇರಲಿ ಬಿಡು ಎಂದು ಡಬ್ಬಿ ಮುಚ್ಚಿದಳು. ನನ್ನ ಅವಸರಕ್ಕೆ ನನಗೇ ಸಿಟ್ಟು ಬಂತು.

ಮತ್ತೆ ನಾಲ್ಕು ಭಾನುವಾರ ಒಂದೊಂದೇ ಬೆರಳನ್ನು ಸುತ್ತಲೂ ಕಟ್ಟುತ್ತ ಹೋದೆ. ಕೊನೆಯ ಕಿಂಡಿ ಮುಚ್ಚಿದಾಗ ಹೋಗಿ ಅವ್ವನನ್ನು ಕರೆತಂದು ಪರದೆಯ ಮುಂದೆ ಕೂರಿಸಿದೆ. ಬಹಳ ಹೊತ್ತು ನೋಡಿದಳು.

"ಎಡಗಾಲು ತಂದು ಬಲಕ್ಕಿಟ್ಟೀದಿ. ನನ್ನ ಬಲಗಾಲು ಹಿಂಗಿರಲಿಲ್ಲ."

ಹಾಗಾದರೆ ಹೇಗಿತ್ತು ಎಂದು ಕೇಳಿದೆ. ಕಣ್ಣು ಮುಚ್ಚಿ ನೆನೆಸಿಕೊಂಡಳು. ಹೇಳಾಕ ಬರವಲ್ದು ಎಂದು ಅತ್ತುಬಿಟ್ಟಳು. ಕಾಲು ತೆಗೆದ ದಿನವೂ ಅವಳು ನನ್ನೆದುರು ಅತ್ತವಳಲ್ಲ.

ಮನೆಯ ಫೋಟೋಗಳನ್ನೆಲ್ಲ ಹರವಿ ಕೂತೆ. ಮದುವೆಯದರಿಂದ ಹಿಡಿದು ನನ್ನ ಫೋನಿನಲ್ಲಿರುವುದರವರೆಗೆ, ಒಂದರಲ್ಲೂ ಪಾದವಿಲ್ಲ. ಎಲ್ಲದರಲ್ಲೂ ಸೀರೆಯ ಅಂಚು, ಇಲ್ಲವೇ ಮುಂದೆ ನಿಂತ ನಾವು. ಹಬ್ಬಹಬ್ಬಕ್ಕೂ ಬಗ್ಗಿ ಮುಟ್ಟಿದ ಕಾಲು. ಅದರ ಒಂದು ಉಗುರಾದರೂ ನನಗೆ ನೆನಪಿರಬಾರದೇ? ಪಂಪಿನ ಮೈಯ ಪ್ರತಿ ತಿರುವೂ ನನಗೆ ಬಾಯಿಪಾಠ. ನಾಚಿಕೆಯಾಯಿತು. ಆ ಕಾಲು ಒಮ್ಮೆ, ಒಂದೇ ಒಂದು ಗಳಿಗೆ, ಕಣ್ಣಮುಂದೆ ಬಂದರೆ ಸಾಕೆಂದು ಜೀವ ಎಳೆಯಿತು.

ಮುಂದಿನ ಭಾನುವಾರ ಊಟವಾಗಿ ಅವ್ವ ಒಳಗೆ ಮಲಗಿದ ಮೇಲೆ ಅಪ್ಪ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ. ಮಾಧವನಗರದ ಗಿರಣಿಯ ಸದ್ದಿನಲ್ಲಿ ದುಡಿದು ಬಂದವನು, ಮನೆಯಲ್ಲಿ ಅವನ ಮಾತೇ ಕಡಿಮೆ. ಊಟ, ನೀರು, ಪೇಪರ್ ಬಂತಾ, ಅಷ್ಟೇ. ತನ್ನ ತೋರುಬೆರಳನ್ನು ನಡುಬೆರಳಿನ ಮೇಲೆ ಓರೆಯಾಗಿ ಒರಗಿಸಿ ನನಗೆ ತೋರಿಸಿದ.

"ಎರಡನೇ ಬೆರಳು ಹಿಂಗ ಮೂರನೇದರ ಮ್ಯಾಲ ವಾಲಿತ್ತು. ಕಿರುಬೆರಳಿನ ಉಗುರು ಅರ್ಧನs ಇತ್ತು."

ಬೆರಳನ್ನು ಓರೆ ಮಾಡಿದೊಡನೆ ಕೂಡಿಸಿದ್ದ ಅಂಚುಗಳು ಮತ್ತೆ ಬಿಟ್ಟುಕೊಂಡವು. ಒಂದೊಂದನ್ನೇ ಹೊಸದಾಗಿ ಬೆಸೆದೆ. ಅಪ್ಪ ಏಳಲಿಲ್ಲ. ಇನ್ನೊಂಚೂರು ಈ ಕಡೆ, ಹಿಮ್ಮಡಿ ಇಷ್ಟು ಅಗಲ ಬೇಡ ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಲೇ ಇದ್ದ. ಅಷ್ಟು ಮಾತು ಅವನ ಬಾಯಿಂದ ನಾನು ಕೇಳಿದ್ದೇ ಇಲ್ಲ. ಸಂಜೆಯ ಹೊತ್ತಿಗೆ ಪಾದ ಸಾಲಿಡ್ ಆಯಿತು. ಅದರಿಂದ ಅಚ್ಚು ಮಾಡಿ ಮಿರಜಿಗೆ ಕೊಟ್ಟು ಬಂದೆ.

ಎರಕವಾಗಿ ಮಿರಜಿನಿಂದ ಬಂದ ದಿನ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡಳು. ವಾಲಿದ ಬೆರಳನ್ನು ಮುಟ್ಟಿದಳು, ಅರ್ಧ ಉಗುರನ್ನು ಮುಟ್ಟಿದಳು. ಹೌದು, ಇದs ಎಂದಳು. ಯಾರು ಹೇಳಿಕೊಟ್ಟರು ಎಂದು ಕೇಳಿದಾಗ ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಪೇಪರಿನ ಹಿಂದೆ ಕೂತಿದ್ದ. ಅವ್ವ ಜೋಡವಿಯನ್ನು ಕೈಯಲ್ಲೇ ಹಿಡಿದುಕೊಂಡು ಅವನನ್ನು ಕೇಳಿದಳು.

"ಇಷ್ಟೆಲ್ಲಾ ನೋಡಿದ್ರಿ. ಇಷ್ಟು ವರ್ಷದಾಗ ಒಂದಿನಾನೂ ಬಾಯಿಬಿಟ್ಟು ಹೇಳಲಿಲ್ಲಲ್ಲರಿ."

ಅಪ್ಪ ಪೇಪರ್ ಕೆಳಗಿಳಿಸಿದ.

"ಆವಾಗ ಕಾಲು ಇತ್ತಲ್ಲ."