ಬಾಗಿಲಲ್ಲಿ ಕೂಗಿದ ಹೆಸರು

ಹರ್ಷಿತಾ, ಮನು, ಮೊನ್ನೆ ಬೆಳಿಗ್ಗೆ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಬಾಗಿಲಲ್ಲಿ ಯಾರೋ ನಿಮ್ಮ ತಾತನ ಹೆಸರು ಹಿಡಿದು ಕೂಗಿದರು. ಅವರು ತೀರಿಕೊಂಡ ಮೇಲೆ ಆ ಹೆಸರನ್ನು ಯಾರೂ ಹಾಗೆ ಕೂಗಿರಲಿಲ್ಲ. ಹಿತ್ತಲಿನಿಂದ "ಬಂದೆ" ಅಂದಾರೇನೋ ಎಂದು ಒಂದು ಗಳಿಗೆ ಕಿವಿಗೊಟ್ಟೆ.

ಸ್ಕೂಟರಿನಲ್ಲಿ ಬಂದ ಹೆಂಗಸೊಬ್ಬಳು ತಾತನ ಬಿಪಿ ಮಾತ್ರೆಯ ಪೊಟ್ಟಣ ಹಿಡಿದು ನಿಂತಿದ್ದಳು. ತಿಂಗಳಿಗೊಮ್ಮೆ ತಾನಾಗಿ ಬರುವಂತೆ ನಿಮ್ಮಮ್ಮ ಫೋನಿನಲ್ಲಿ ಹೇಳಿಟ್ಟಿದ್ದಳು. ನಿಲ್ಲಿಸುವುದು ಯಾರಿಗೂ ನೆನಪಾಗಿರಲಿಲ್ಲ.

"ಯಾರ ಹೆಸರಿಗೆ ಬಂದಿರೋದು, ಹೇಳಜ್ಜಿ, ಕೇಳ್ಕೊಂಡೇ ಕೊಡ್ಬೇಕು" ಎಂದಳು.

ಗಂಡನ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಪಡಿತರ ಅಂಗಡಿಯಲ್ಲೂ ಪಕ್ಕದವರೇ ಹೇಳುತ್ತಿದ್ದರು.

"ಈಗ ನೀನೇ ಕೂಗಿದ್ಯಲ್ಲವ್ವ, ಅದೇ" ಎಂದೆ. ಅವಳು ನಕ್ಕು ಪೊಟ್ಟಣ ನನ್ನ ಕೈಗಿಟ್ಟಳು. "ಅವ್ರು ಹೋಗ್ಬಿಟ್ರು ಕಣವ್ವ, ವಾಪಸ್ ತಗೊಂಡೋಗು" ಎಂದಾಗ ನಗು ನಿಂತಿತು.

ದೊಡ್ಡಬಳ್ಳಾಪುರದ ಔಷಧಿ ಅಂಗಡಿಯವರು ಡಾಕ್ಟರ ಚೀಟಿ ನೋಡಿ, "ಯಜಮಾನ್ರು ಹೆಂಗವ್ರಮ್ಮಾ?" ಎಂದು ಕೇಳಿಯೇ ಮಾತ್ರೆ ಕೊಡುತ್ತಿದ್ದರು. ಫೋನಿನಲ್ಲಿ ಮಾರುವವರೂ ಹಾಗೆ ಕೇಳಲೇಬೇಕೆಂಬ ಕಾನೂನು ಬರಲಿ. ಇಲ್ಲದವರ ಮಾತ್ರೆ ಇನ್ನೊಬ್ಬರ ಬಾಯಿಗೆ ಬೀಳಬಾರದು.

ಆದರೂ ಪೊಟ್ಟಣ ಹಿಂದಕ್ಕೆ ಕೊಡುವಾಗ ಕೈ ಸಡಿಲವಾಗಲಿಲ್ಲ. ಮುಂದಿನ ತಿಂಗಳು ಆ ಹೆಸರು ಕೂಗಿಕೊಂಡು ಯಾರೂ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ: ಕೆಂಪಣ್ಣ. ನೀವು ಬಂದಾಗ ನನಗೆ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.