ಜೆಪ್ಪುವಿನವರೆಗೆ ಬ್ಯಾಟರಿ ಪರೀಕ್ಷೆ

ಹಸನಬ್ಬನವರು ಬ್ಯಾಟರಿಯ ಮುಂದೆ ಸ್ವರ ತಗ್ಗಿಸಿ ಮಾತನಾಡುತ್ತಿದ್ದರು. ಅದರ ಮಾಲೀಕನ ಮುಂದೆ ಏರಿಸುತ್ತಿದ್ದರು. ಕಂಕನಾಡಿಯಲ್ಲಿ ಅವರ ವಾಹನ ಬಿಡಿಭಾಗಗಳ ಅಂಗಡಿಯ ಸುತ್ತ ಆಸ್ಪತ್ರೆಗಳೇ ಹೆಚ್ಚು. ಅಲ್ಲಿನ ವೈದ್ಯರು ರೋಗಿಯ ಸ್ಥಿತಿಯನ್ನು ಬಾಗಿಲು ಮುಚ್ಚಿ ತಿಳಿಸುವಷ್ಟು ಸೌಜನ್ಯವುಳ್ಳವರು. ಹಸನಬ್ಬನವರು ಬೀದಿಗೆ ಕೇಳುವಂತೆ ಘೋಷಿಸುತ್ತಿದ್ದರು.

ನನ್ನ ಕಾರು ಮೊದಲ ಬಾರಿ ಮುಷ್ಕರ ಹೂಡಿದಾಗ ಬ್ಯಾಟರಿಯನ್ನು ರಿಕ್ಷಾದಲ್ಲಿಟ್ಟುಕೊಂಡು ಅವರಲ್ಲಿಗೆ ಹೋದೆ.

"ಕಾರು ಹೊರಗೆ ತೆಗೆದದ್ದು ಯಾವಾಗ, ಮಾಸ್ಟ್ರೇ?"

ನಾನು ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ಒಂದು ದಿನವೂ ಪಾಠ ಹೇಳಿದವನಲ್ಲ. ಇದನ್ನು ಸ್ಪಷ್ಟವಾಗಿ ತಿಳಿಸಿದೆ.

"ಆಯ್ತು ಮಾಸ್ಟ್ರೇ. ತೆಗೆದದ್ದು ಯಾವಾಗ?"

"ಆಗಾಗ ತೆಗೆಯುತ್ತೇನೆ."

"ಆಗಾಗ ಅಂದ್ರೆ ಎಂತ? ಅಷ್ಟಮಿಗೊಮ್ಮೆ, ದೀಪಾವಳಿಗೊಮ್ಮೆಯಾ?"

ಬೆಂಚಿನ ಮೇಲೆ ಚಾರ್ಜಿಗಿಟ್ಟ ಬ್ಯಾಟರಿಗಳ ಬಳಿ ಕಾಯುತ್ತಿದ್ದವರೆಲ್ಲ ನಕ್ಕರು. ಅವರಲ್ಲೊಬ್ಬರು ನಮ್ಮ ಮಣ್ಣಗುಡ್ಡದವರೇ. ಆ ಮುಖವನ್ನು ನಾನಿನ್ನೂ ಮರೆತಿಲ್ಲ. ಹಸನಬ್ಬನವರು ಮೀಟರಿನ ಕ್ಲಿಪ್ಪುಗಳನ್ನು ಸಿಕ್ಕಿಸಿ, ಮುಳ್ಳು ಇಳಿಯುವುದನ್ನು ನೋಡಿ, ಬ್ಯಾಟರಿಯನ್ನು ಮೆಲ್ಲನೆ ತಟ್ಟಿದರು. "ಇದಕ್ಕೆ ಎಂತ ಆಗ್ಲಿಲ್ಲ. ಕೂತು ಕೂತು ಬೇಜಾರಾಗಿದೆ. ಚಾರ್ಜಿಗೆ ಇಡ್ತೇನೆ."

ಮರುದಿನ ಶುಕ್ರವಾರ. ಅವರೇ ಮನೆಗೆ ಬಂದು ಬ್ಯಾಟರಿ ಜೋಡಿಸಿ, ಕೇಳದೆಯೇ ಮುಂದಿನ ಸೀಟಿನಲ್ಲಿ ಕುಳಿತರು. ಓಡಿಸಿ ನೋಡದೆ ಒಪ್ಪಿಸುವುದು ಅವರ ಪದ್ಧತಿಯಲ್ಲವಂತೆ. ಪರೀಕ್ಷೆಯು ಜೆಪ್ಪುವಿನಲ್ಲಿರುವ ಅವರ ಮಗಳ ಮನೆಯ ಅಂಗಳದಲ್ಲಿ ಮುಗಿಯಿತು. ಶುಕ್ರವಾರದ ನಮಾಜಿನ ಬಳಿಕ ಅವರು ಊಟ ಮಾಡುವುದು ಅಲ್ಲಿಯೇ ಎಂಬುದು ಆಮೇಲೆ ತಿಳಿಯಿತು. "ಬ್ಯಾಟ್ರಿ ಫಸ್ಟ್ ಕ್ಲಾಸ್ ಉಂಟು. ಡ್ರೈವರಿಗೆ ಮಾತ್ರ ಸ್ವಲ್ಪ ಅಭ್ಯಾಸ ಬೇಕು" ಎಂದು ಇಳಿದುಹೋದರು. ವಿಚಾರಿಸಿದಾಗ, ಒಬ್ಬ ವಕೀಲರ ಬ್ಯಾಟರಿಯು ಮೀನು ಮಾರುಕಟ್ಟೆಯಲ್ಲಿಯೂ, ಒಬ್ಬ ದಂತವೈದ್ಯೆಯದು ಹಸನಬ್ಬನವರ ನೆಂಟರನ್ನು ಇಳಿಸಲು ಹೋಗಿ ರೈಲು ನಿಲ್ದಾಣದಲ್ಲಿಯೂ ಪರೀಕ್ಷೆಗೊಳಗಾಗಿದ್ದವೆಂದು ಗೊತ್ತಾಯಿತು.

ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ನನ್ನ ಕಾರು ಗೇಟಿನ ಕಂಬಕ್ಕೆ ಉಜ್ಜಿದ್ದು ಸಣ್ಣ ವಿಷಯ. ಪತ್ನಿ ಸುಮತಿ ಅದನ್ನು ದೊಡ್ಡದು ಮಾಡಿ, ಕಾರನ್ನು ತನ್ನ ಅಣ್ಣನ ಮಗನಿಗೆ ಮಾರಬೇಕೆಂದಳು. ಅದು ಹೋದರೆ ಔಷಧಿ ತರಲೂ ನಾನು ಆ ಹುಡುಗನ ದಾರಿ ಕಾಯಬೇಕಿತ್ತು. ನಾವು ವಾದದಲ್ಲಿರುವಾಗಲೇ ಬ್ಯಾಟರಿ ಮತ್ತೆ ಮಲಗಿತು.

"ಹಸನಬ್ಬ ಸಾಹೇಬ್ರು ನೋಡ್ಲಿ" ಎಂದಳು ಸುಮತಿ. "ಬ್ಯಾಟ್ರಿ ಉಳಿದ್ರೆ ಕಾರು ಇರ್ಲಿ. ಹೋದ್ರೆ ಕಾರೂ ಹೋಗ್ಲಿ."

ಅಂಗಡಿಗೆ ಅವಳೂ ಜೊತೆಗೆ ಬಂದಳು. ಅಲ್ಲಿ ಮೀಟರಿನ ಮುಳ್ಳು ಕೆಳಗೆ ಬಿದ್ದದ್ದು ಏಳಲೇ ಇಲ್ಲ. ನಾನು ಸುಮತಿಯ ಬೆನ್ನ ಹಿಂದಿನಿಂದ ಹಸನಬ್ಬನವರಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ.

"ಕಣ್ಣಿಗೆ ಎಂತ ಆಯ್ತು ಮಾಸ್ಟ್ರೇ? ಆಪರೇಷನ್ ಸರಿಯಾಗ್ಲಿಲ್ವಾ?" ಎಂದು ಬೀದಿಗೆ ಕೇಳುವಂತೆ ವಿಚಾರಿಸಿದರು. ಬಳಿಕ ಸುಮತಿಯತ್ತ ತಿರುಗಿ, "ಇದರ ಕತೆ ಮುಗೀತು ಅಕ್ಕ. ಇನ್ನು ಚಾರ್ಜ್ ಹಿಡಿಯುದಿಲ್ಲ" ಎಂದರು.

"ಹಾಗಾದ್ರೆ ಕಾರು ಕೊಡುವುದೇ."

"ಕೊಡಿ ಅಕ್ಕ. ಆದ್ರೆ ಸ್ಟಾರ್ಟ್ ಆಗದ ಕಾರು ತೋರಿಸುವುದು ಮರ್ಯಾದೆ ಅಲ್ಲ. ಸದ್ಯಕ್ಕೆ ನಂದೊಂದು ಬ್ಯಾಟ್ರಿ ಹಾಕ್ತೇನೆ. ಕೊಡುವಾಗ ನಾನೇ ಬಂದು ತೆಗೀತೇನೆ. ಬೇರೆಯವರು ಕೈ ಹಾಕುದು ಬೇಡ."

ಅವಳು ಒಪ್ಪಿದಳು. ಅಣ್ಣನ ಮಗ ಬಂದು ಕಾರನ್ನು ಮೆಚ್ಚಿದ. ಬ್ಯಾಟರಿ ತೆಗೆಯಲು ಫೋನು ಮಾಡಿದರೆ, "ಈ ವಾರ ಪುರ್ಸೊತ್ತಿಲ್ಲ ಅಕ್ಕ" ಎಂಬ ಉತ್ತರ. ಮುಂದಿನ ವಾರವೂ ಅದೇ. ಸುಮತಿ ನೆರೆಮನೆಯ ಪಾತ್ರೆಯನ್ನೂ ತೊಳೆದು ಅವರ ಕೈಗೇ ಒಪ್ಪಿಸುವವಳು; ಪರರ ಬ್ಯಾಟರಿಯನ್ನು ಕಾರಿನೊಂದಿಗೆ ದಾಟಿಸುವುದು ಅವಳಿಂದಾಗದು. ಕೊನೆಗೆ ಆ ಹುಡುಗ ಬೇಸತ್ತು ಬೇರೆ ಕಾರು ಕೊಂಡ.

ಆದರೆ ತಮ್ಮ ಬ್ಯಾಟರಿ ಕ್ಷೇಮವೇ ಎಂದು ಪರೀಕ್ಷಿಸಲು ಹಸನಬ್ಬನವರಿಗೆ ಪ್ರತಿ ಶುಕ್ರವಾರ ಪುರುಸೊತ್ತಿರುತ್ತಿತ್ತು. ನಮಾಜಿನ ಬಳಿಕ ಅವರನ್ನು ಹತ್ತಿಸಿಕೊಂಡು ಜೆಪ್ಪುವಿಗೆ ಬಿಡುವ ಚಾಲಕನಾಗಿ ಎರಡು ವರ್ಷ ಕಳೆದೆ. ನನಗೆ ಉಪಕಾರ ಮಾಡಿದೆನೆಂದು ಅವರು ಒಮ್ಮೆಯೂ ಸೂಚಿಸಲಿಲ್ಲ. ಹಾಗಾಗಿ ಕೃತಜ್ಞತೆ ಹೇಳುವ ಅವಕಾಶವೇ ನನಗೆ ದೊರೆಯಲಿಲ್ಲ. ಇದನ್ನೂ ನಾನು ಅವರು ನನಗೆ ಮಾಡಿದ ಅವಮಾನಗಳ ಪೈಕಿ ಸೇರಿಸಿದ್ದೇನೆ.

ಕಳೆದ ಮಳೆಗಾಲಕ್ಕೆ ಮುಂಚೆ ಅವರು ಶಾರ್ಜಾದ ಮಗನ ಮನೆಗೆ ಹೊರಟರು. ಕೊನೆಯ ಶುಕ್ರವಾರ ಅವರು ಜೆಪ್ಪುವಿನಲ್ಲಿ ಇಳಿಯುವಾಗ ನಾನು ಬಾನೆಟ್ ತೆರೆದು, "ನಿಮ್ಮ ಬ್ಯಾಟರಿಯನ್ನು ತೆಗೆದುಕೊಂಡುಬಿಡಿ" ಎಂದೆ.

"ಇರ್ಲಿ ಮಾಸ್ಟ್ರೇ. ಬಂದ ಮೇಲೆ ತೆಗೀತೇನೆ."

ಅವರು ಬರಲಿಲ್ಲ. ಮಣ್ಣು ಮಾಡಿದ್ದೂ ಅಲ್ಲಿಯೇ ಎಂದು ಮಗಳು ತಿಳಿಸಿದರು. ಆ ಸಂಜೆ ನಾನು ಸುಮತಿಗೆ, ಬ್ಯಾಟರಿಯನ್ನು ಬಿಚ್ಚಿಸಿ ಜೆಪ್ಪುವಿಗೆ ತಲುಪಿಸುವುದು ನ್ಯಾಯವೆಂದೂ, ಕಾರಿನ ವಿಷಯದಲ್ಲಿ ಇನ್ನು ಅವಳ ಇಷ್ಟವೆಂದೂ ಹೇಳಿದೆ.

ಅವಳು ಬಂಗುಡೆ ಮೀನು ಶುಚಿಮಾಡುತ್ತಿದ್ದಳು. ತಲೆಯೆತ್ತಲಿಲ್ಲ.

"ಅವರೇ ಬಂದು ತೆಗೀತೇನೆ ಅಂದಿದ್ದಾರಲ್ಲ" ಎಂದಳು. "ಇರ್ಲಿ."