ಅರ್ಜಿಯ ಕೆಳಗಿನ ಹೆಸರು

ರಾಬಿಯಾ, ನಿನ್ನ ಅಬ್ಬಾಗೆ ಸಿಗಬೇಕಾಗಿದ್ದ ನೌಕರಿಯನ್ನು ಕದ್ದವನು ನಾನು. ಅವರ ಅರ್ಜಿಯನ್ನು ಅವರ ಎದುರಿಗೇ ಕೂತು ಬರೆದೆ, ಕೆಳಗೆ ನನ್ನ ಹೆಸರು ಹಾಕಿದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ — ಅದು ನನಗೆ ಚೆನ್ನಾಗಿ ಗೊತ್ತಿತ್ತು. ಸುತ್ತಿಬಳಸಿ ಹೇಳಹೊರಟರೆ ಮತ್ತೆ ಬಾಯಿ ಕಟ್ಟೀತು, ಅದಕ್ಕೇ ಮೊದಲು ಇದನ್ನು ಹೇಳಿಬಿಟ್ಟೆ. ಉಳಿದದ್ದನ್ನೂ ಓದು, ಅರ್ಧಕ್ಕೆ ಬಿಡಬೇಡ.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಿನ್ನ ಅಬ್ಬಾ ಖಾಸೀಮಸಾಬರು ನನಗೆ ಉಸ್ತಾದರು. ನಿಜಾಮರ ಕಾಲದಲ್ಲಿ ಸರಕಾರದ ಕಟ್ಟಿಗೆ ಡಿಪೋದಲ್ಲಿ ಮಿಸ್ತ್ರಿಯಾಗಿದ್ದವರು, ಅದು ಮುಚ್ಚಿದ ಮೇಲೆ ಮನೆಯ ಪಡಸಾಲೆಯಲ್ಲೇ ಸಾಮಾನು ಹರವಿಕೊಂಡು ಕೂತಿದ್ದರು. ನಾನು ಆಗಲೇ ಮದುವೆಯಾದವನು, ಒಂದು ಮಗುವಿನ ತಂದೆ. ಆದರೂ ದಿನಾ ಅವರ ಪಕ್ಕ ಕೂತು ಕೆಲಸ ಕಲಿಯುತ್ತಿದ್ದೆ. ಅವರದು ಬಿದರಿ ಕೆಲಸದ ಮನೆತನ. ಅವರ ಕೈಯಲ್ಲಿ ಲೋಹ ತಿಕ್ಕುವ ಅರ ಹೇಗೆ ಆಡುತ್ತಿತ್ತು ಎಂದರೆ — ಇರಲಿ, ಅದನ್ನು ಹೊಗಳುವ ಯೋಗ್ಯತೆ ನನಗಿಲ್ಲ.

ಮುಚ್ಚಿದ ಡಿಪೋದ ಮೂಲೆಯಲ್ಲಿ ಒಂದು ವಿಲಾಯತಿ ಚೈನ್ ಗರಗಸ ಕೆಟ್ಟು ಬಿದ್ದಿತ್ತು. ಪೆಟ್ರೋಲ್ ಇಂಜಿನ್ನಿನದು, ಈ ತುದಿಗೊಬ್ಬ ಆ ತುದಿಗೊಬ್ಬ ಹಿಡಿಯಬೇಕಾದಂಥದ್ದು. ಉಳಿದ ಸಾಮಾನು ನೋಡಿಕೊಳ್ಳಲು ಅಲ್ಲಿದ್ದ ಗುಮಾಸ್ತ, “ಒಯ್ರಿ ಉಸ್ತಾದ್, ಆದ್ರ ಆಗಲಿ” ಎಂದು ಅದನ್ನು ಅವರಿಗೆ ಒಪ್ಪಿಸಿದ. ಅದನ್ನು ಬಿಚ್ಚಿದಾಗ ಒಳಗೆ ಇಲಿ ಗೂಡು ಕಟ್ಟಿತ್ತು. ಚೈನಿಗೆ ತುಕ್ಕು ಹಿಡಿದು ಒಂದು ಕೊಂಡಿಯೂ ಮಿಸುಕುತ್ತಿರಲಿಲ್ಲ. ವಾರಗಟ್ಟಲೆ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದೇ ಕೊಂಡಿ ಬಿಡಿಸಿದೆವು. ಬಿಡಿಸಿದೆವು ಏನು, ಅವರು ಬಿಡಿಸಿದರು, ನಾನು ಹಿಡಿದುಕೊಂಡಿದ್ದೆ. ಪಿಸ್ಟನ್ನಿನ ರಿಂಗ್ ಮುರಿದಿತ್ತು, ಹೈದರಾಬಾದಿನಲ್ಲೂ ಸಿಗಲಿಲ್ಲ. ಹಳೇ ಮೋಟಾರ್ ಸೈಕಲ್ಲಿನ ರಿಂಗ್ ತಂದು, ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿಕ್ಕಿ ಕೂರಿಸಿದರು. ಆರು ತಿಂಗಳು ಹಿಡಿಯಿತು. ಮೊದಲ ಸಲ ಇಂಜಿನ್ ಚಾಲೂ ಆದಾಗ ಓಣಿಯ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಹೊಗೆಯ ನಡುವೆ ನಿಂತು ನಿನ್ನ ಅಬ್ಬಾ ನಕ್ಕರು, ಕಣ್ಣಲ್ಲಿ ನೀರಿತ್ತು.

ಸುದ್ದಿ ಔರಾದಿನ ಹೊಸ ಡಿಪೋಕ್ಕೆ ಮುಟ್ಟಿತು, ಮಾಡಿದವರ ಹೆಸರು ಮುಟ್ಟಿರಲಿಲ್ಲ. ಅಲ್ಲಿ ಮಿಸ್ತ್ರಿಯ ಜಾಗ ಒಂದು ಖಾಲಿ ಇತ್ತು. ಗುಮಾಸ್ತ ಬಂದು ಹೇಳಿದ: “ಮಷೀನಿಗಿ ಜೀವ ಕೊಟ್ಟಾವ್ರಿಗೇ ಕೊಡ್ತಾರಂತ ರೀ. ಸಾಹೇಬ್ರು ಮೈಸೂರು ಕಡೀಯವ್ರು, ಅರ್ಜಿ ಕನ್ನಡದಾಗ ಇರಬೇಕಂತ. ಹ್ಯಾಂಗ ದುರಸ್ತ ಮಾಡಿದ್ರಿ ಅಂತ ಎಲ್ಲಾ ಬರದು, ಮಷೀನ್ ತಗೊಂಡು ಬರಬೇಕಂತ.”

ಉಸ್ತಾದರಿಗೆ ಉರ್ದು ಅಕ್ಷರ ಮಾತ್ರ ಬರುತ್ತಿತ್ತು. ನಾನು ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಕಲಿತಿದ್ದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ — ಇಲಿಯ ಗೂಡಿನಿಂದ ಹಿಡಿದು ರಿಂಗ್ ಕೂರಿಸಿದ್ದರವರೆಗೆ ಎಲ್ಲವನ್ನೂ. ಹಾಳೆ ತುಂಬಿತು. ಕೆಳಗೆ ಹೆಸರು ಬರೆಯುವ ಜಾಗ ಬಂತು. ನನ್ನ ಕೈ ತಡೆಯಿತು. ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಇರಬೇಕು. ಆಮೇಲೆ ‘ಮಾಣಿಕಪ್ಪ’ ಎಂದು ಬರೆದೆ. ಮನೆಯಲ್ಲಿ ಹಸಿವಿತ್ತು ಎಂದೆಲ್ಲ ಹೇಳಬಹುದು. ಅವರ ಮನೆಯಲ್ಲೂ ಇತ್ತು.

ಅವರು ಬಗ್ಗಿ ನೋಡಿದರು. “ಮಾಣಿಕ, ಕನ್ನಡದಾಗ ನನ್ನ ಹೆಸರು ಹ್ಯಾಂಗ ಕಾಣ್ತದ? ತೋರಸು ನೋಡೋಣ.”

ನಾನು ನನ್ನ ಹೆಸರಿನ ಮೇಲೆ ಬೆರಳಿಟ್ಟು, “ಇದೇ ರೀ ಉಸ್ತಾದ್” ಎಂದೆ.

ಅವರು ಆ ಅಕ್ಷರಗಳ ಮೇಲೆ ತಮ್ಮ ಬೆರಳು ಆಡಿಸಿದರು. “ಭಾಳ ಛಲೋ ಕಾಣ್ತದ” ಎಂದರು. ರಾಬಿಯಾ, ಅಷ್ಟಕ್ಕೇ ನಾನು ಬಿಡಲಿಲ್ಲ. ಪಕ್ಕದಲ್ಲಿ ‘ಸಾಕ್ಷಿ’ ಎಂದು ಬರೆದು, ಅಲ್ಲಿ ಅವರಿಂದ ಉರ್ದುವಿನಲ್ಲಿ ದಸ್ತಖತ್ತು ಮಾಡಿಸಿಕೊಂಡೆ. ಎಂಥ ನೀಚ ನಾನು! ಅವರು ಉಸಿರು ಬಿಗಿಹಿಡಿದು, ಅಂದವಾಗಿ, ಮೆಲ್ಲಗೆ ಬರೆದರು.

ಔರಾದಿಗೆ ಅವರೇ ಬರುವವರಿದ್ದರು. ಆದರೆ ನೀನು ಹುಟ್ಟಿ ಮೂರು ದಿನವಾಗಿತ್ತು, ನಿನ್ನ ಅಮ್ಮಿಗೆ ಜ್ವರ. “ನೀನೇ ಹೋಗಿ ಬಾ, ನೀ ಬ್ಯಾರೆ ಅಲ್ಲ ನಾ ಬ್ಯಾರೆ ಅಲ್ಲ” ಎಂದು ನನ್ನನ್ನು ಕಳಿಸಿದರು. ಡಿಪೋದ ಆಳೊಬ್ಬ ಆ ತುದಿ ಹಿಡಿದ, ನಾನು ಇಂಜಿನ್ನಿನ ತುದಿ ಹಿಡಿದೆ. ಹುಣಸೆಯ ದಿಮ್ಮಿಯೊಂದನ್ನು ಕೊಯ್ದು ತೋರಿಸಿದೆವು. ಸಾಹೇಬರಿಗೆ ಬಹಳ ಖುಷಿಯಾಯಿತು.

“ಇದನ್ನ ರಿಪೇರಿ ಮಾಡಿದೋರು ನೀವೇನಾ?”

“ಹೌದ್ರಿ ಸಾಹೇಬ್ರ, ನಾನೇ ರೀ.”

“ಈ ಉರ್ದು ಸಹಿ ಯಾರದು?”

“ನಮ್ಮ ಓಣಿ ಹಿರಿಯಾರದು ರೀ.”

ಹೀಗೆ ನಾನು ಸರಕಾರಿ ಮಿಸ್ತ್ರಿಯಾದೆ, ಗರಗಸವೂ ಆ ಡಿಪೋದಲ್ಲೇ ಉಳಿಯಿತು. ಬೀದರಿಗೆ ಮರಳಿ, ನಿಮ್ಮ ವಯಸ್ಸು ಮೀರಿದೆಯಂತೆ, ಮಿಸ್ತ್ರಿಯ ಜಾಗ ತುಂಬುವುದಿಲ್ಲವಂತೆ, ನನಗೆ ಕಾವಲುಗಾರನ ಕೆಲಸ ಕೊಟ್ಟಿದ್ದಾರೆ ಎಂದು ಉಸ್ತಾದರಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಬಹಳ ಹೊತ್ತಲ್ಲ. ಒಳಗೆ ಹೋಗಿ ಬೆಲ್ಲ ತಂದು ನನ್ನ ಬಾಯಿಗೆ ಹಾಕಿ, “ನಮ್ಮವ ಒಬ್ಬ ಒಳಗ ಹೊಕ್ಕನಲ್ಲ, ಸಾಕು” ಎಂದರು. ನುಂಗಿದೆ. ಆಮೇಲೆ ಅವರು ಓಣಿ ಓಣಿ ತಿರುಗಿ ಕತ್ತರಿ, ಕುಡಗೋಲುಗಳಿಗೆ ಸಾಣೆ ಹಿಡಿದು ಸಂಸಾರ ತೂಗಿದರು. ಅಂಥ ಕೈ ಅದು — ಕುಡಗೋಲು ಮಸೆಯುವುದಕ್ಕೆ ಹೋಯಿತು.

ಇನ್ನೂ ಇದೆ. ಎರಡು ವರ್ಷಕ್ಕೆ ಆ ಗರಗಸ ನಿಂತಿತು. ನನ್ನ ಕೈಯಲ್ಲಿ ಆಗಲಿಲ್ಲ, ಕಲಿತದ್ದು ಅರ್ಧಂಬರ್ಧ. ಸಿಲಿಂಡರ್, ಪಿಸ್ಟನ್ ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡು ಮೋಟಾರ್ ಬಸ್ಸಿನಲ್ಲಿ ಬೀದರಿಗೆ ಬಂದೆ. ಎಲ್ಲಿಗೆ? ನಿಮ್ಮ ಪಡಸಾಲೆಗೆ! ನಾಚಿಕೆಯೆಂಬುದು ಇದ್ದರೆ ತಾನೆ. ಯಾರೋ ಗುತ್ತೇದಾರನ ಮಷೀನಿನದು ಎಂದು ಹೇಳಿದೆ. ಉಸ್ತಾದರು ಅರಿವೆಯಿಂದ ಪಿಸ್ಟನ್ ಒರೆಸಿ, ಬೆಳಕಿಗೆ ಹಿಡಿದು, ರಿಂಗಿನ ಮೇಲೆ ಉಗುರು ಎಳೆದರು. ಮತ್ತೊಮ್ಮೆ ಎಳೆದರು.

“ಮಾಣಿಕ, ಈ ರಿಂಗ್ ನನ್ನ ಕೈಯಿಂದು ಅದ.”

“ಇಲ್ರಿ ಉಸ್ತಾದ್, ಗುತ್ತೇದಾರಂದು ಅದ ರೀ.”

ಆಗ ನನ್ನ ಮುಖವನ್ನು ನೋಡಿದರು. ಬೈಯಬಹುದಿತ್ತು. ಎದ್ದು ಕಪಾಳಕ್ಕೆ ಬಿಗಿಯಬಹುದಿತ್ತು — ಬಿಗಿದಿದ್ದರೆ ನಾನು ಅಂದೇ ಕಾಲು ಹಿಡಿಯುತ್ತಿದ್ದೆನೋ ಏನೋ. ಇಲ್ಲ, ಇದೂ ಸುಳ್ಳೇ, ಹಿಡಿಯುತ್ತಿರಲಿಲ್ಲ. ಅವರು ಅರ ತಗೊಂಡು ಕೆಲಸಕ್ಕೆ ಕೂತರು. ಮಧ್ಯಾಹ್ನದ ನಮಾಜಿಗೆ ಎದ್ದು ಹೋಗಿ ಬಂದು, ಮತ್ತೆ ಕೂತರು. ಸಂಜೆಗೆ ಎಲ್ಲವನ್ನೂ ಕಟ್ಟಿಕೊಟ್ಟು, “ಚಾಲೂ ಮಾಡೂಕಿನ ಮೊದಲ ಎಣ್ಣಿ ಹಾಕು. ನೌಕರಿ ಸಂಭಾಳಿಸಿಕೋ” ಎಂದರು. ಅವರಿಗೆ ಎಲ್ಲ ತಿಳಿದುಹೋಗಿತ್ತು.

ಅದಾದ ಮೇಲೆ ನಾನು ಆ ಓಣಿಗೆ ಕಾಲಿಡಲಿಲ್ಲ. ಗರಗಸ ಮತ್ತೊಮ್ಮೆ ಕೆಟ್ಟಾಗ, ‘ದುರಸ್ತಿಗೆ ಬರುವುದಿಲ್ಲ’ ಎಂದು ಬರೆದು ಗುಜರಿಗೆ ಹಾಕಿಸಿದೆ. ದುರಸ್ತಿಗೆ ಬರುತ್ತಿತ್ತು. ಬೀದರಿನಲ್ಲಿ ಮಾಡುವವರಿದ್ದರು. ಅವರ ಕಣ್ಣೆದುರು ಮತ್ತೆ ನಿಲ್ಲಬೇಕಲ್ಲ, ಅದೊಂದೇ ಕಾರಣ. ನಾಲ್ಕು ವರ್ಷದ ಮೇಲೆ ಅವರ ಮಣ್ಣಿಗೆ ಬಂದೆ. ಜನರ ಹಿಂದೆ ನಿಂತು, ಯಾರೊಂದಿಗೂ ಮಾತಾಡದೆ ಹೋದೆ.

ಈಗ ಮೈಲೂರಿನ ನನ್ನ ಮನೆಯ ಹಿಂದೆ, ನಿವೃತ್ತಿಯ ಮೇಲೆ, ಹಳೇ ಚೈನ್ ಗರಗಸಗಳನ್ನು ಸುಧಾರಿಸುತ್ತ ಕೂತಿದ್ದೇನೆ. ಜನ ನನ್ನನ್ನೂ ಉಸ್ತಾದ್ ಅನ್ನುತ್ತಾರೆ. ಬೇಡ ಅನ್ನುವ ಧೈರ್ಯ ಇದುವರೆಗೆ ಬಂದಿರಲಿಲ್ಲ.

ಹೋದ ವಾರ ನೀನು ನೌಬಾದದಿಂದ ನಿನ್ನ ಗಂಡನ ಗರಗಸ ತಂದೆ. ನಾನು ಅವರ ಹತ್ತಿರ ಕಲಿತವನೆಂದು ಯಾರೋ ಹೇಳಿದ್ದರಂತೆ, ಖಾಸೀಮಸಾಬರ ಮಗಳೆಂದು ನೀನೇ ಗುರುತು ಹೇಳಿಕೊಂಡೆ. ಕನ್ನಡ ಸಾಲಿಯ ಟೀಚರಂತೆ ನೀನು — ನಿನ್ನ ಅಬ್ಬಾ ಓದಲಾರದ ಅಕ್ಷರ ಕಲಿಸುವವಳು. ನಾನು ಚೈನಿನ ಹಲ್ಲು ಅರದಿಂದ ತಿಕ್ಕುವುದನ್ನು ನೋಡುತ್ತ ಕೂತು ನೀನು ಅಂದದ್ದು ನೆನಪಿದೆಯೇ?

“ನಮ್ಮ ಅಬ್ಬಾನ ಕೈಯಾಗ ಭಾಳ ಕೆಲಸ ಇತ್ತಂತ ರೀ ಕಾಕಾ. ಏನು ಮಾಡೂದು, ನಸೀಬ ಇರಲಿಲ್ಲ ನೋಡ್ರಿ.”

ನಾನು ಏನು ಹೇಳಿದೆ? “ಹೌದವ್ವಾ, ನಸೀಬ” ಎಂದೆ. ಈ ವಯಸ್ಸಿನಲ್ಲಿ, ನಿನ್ನ ಮುಖ ನೋಡುತ್ತ, ಮತ್ತೊಮ್ಮೆ!

ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ, ಕೇಳಬೇಕಾದವರು ಮಣ್ಣಿನಲ್ಲಿದ್ದಾರೆ. ನೀನು ಓದಬಲ್ಲ ಅಕ್ಷರದಲ್ಲಿ, ನನ್ನ ಕೈಯಾರೆ ಇದನ್ನು ಬರೆದಿದ್ದೇನೆ. ನಾಳೆ ಬೆಳಿಗ್ಗೆ ನಾನೇ ನೌಬಾದಕ್ಕೆ ತಂದು ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿರುತ್ತೇನೆ. ನಿನ್ನ ಮಕ್ಕಳನ್ನೂ ಕರೆದು ಓದಿಸು. ಅವರ ನಾನಾಗೆ, ನಿನ್ನ ಅಬ್ಬಾಗೆ, ನಸೀಬ ಇತ್ತು, ರಾಬಿಯಾ. ಅದರ ಅಡ್ಡ ಕೂತವನು ನಾನು.